ಕಪ್ಪುಹಲಗೆಯ ಎಡಭಾಗ

ಯಾರ ಮುಖ ಎಷ್ಟು ದೊಡ್ಡದಿರಬೇಕು ಎಂದು ಆ ಊರಿನಲ್ಲಿ ತೀರ್ಮಾನಿಸುತ್ತಿದ್ದವನು ಫ್ಲೆಕ್ಸಣ್ಣ. ಹುಟ್ಟುವಾಗ ಬಂದ ಮುಖ ಒಂದು, ಫ್ಲೆಕ್ಸಣ್ಣ ಕೊಟ್ಟ ಮುಖ ಇನ್ನೊಂದು. ಬೀದಿಯಲ್ಲಿ ಮರ್ಯಾದೆ ಸಿಗುತ್ತಿದ್ದದ್ದು ಎರಡನೆಯದಕ್ಕೆ. ಬಸ್ ನಿಲ್ದಾಣದ ಹಿಂದುಗಡೆ ಅವನ ಅಂಗಡಿ. ಮುಂದೆ ಕಂಪ್ಯೂಟರು, ಹಿಂದೆ ಈ ಗೋಡೆಯಿಂದ ಆ ಗೋಡೆಯವರೆಗೆ ಚಾಚಿಕೊಂಡ ಪ್ರಿಂಟಿಂಗ್ ಮೆಷಿನ್ನು, ಒಳಗೆ ಕಾಲಿಟ್ಟರೆ ಮೂಗು ಉರಿಸುವ ಇಂಕಿನ ವಾಸನೆ. ಅವನು ಬೋಳುತಲೆಗೆ ಕೂದಲು ಹುಟ್ಟಿಸುತ್ತಿದ್ದ. ಮುಖ ನೋಡಿದರೆ ಉರಿದು ಬೀಳುವ ಅಣ್ಣತಮ್ಮಂದಿರನ್ನು ಒಂದೇ ಚಿತ್ರದಲ್ಲಿ ಹೆಗಲ ಮೇಲೆ ಕೈ ಹಾಕಿಸಿ ನಿಲ್ಲಿಸುತ್ತಿದ್ದ. ಸತ್ತ ಅಜ್ಜನಿಗೆ ಕೋಟು ತೊಡಿಸಿ ಮೊಮ್ಮಗನ ಮದುವೆಗೆ ಕರೆತರುತ್ತಿದ್ದ. ಆದರೆ ತಾನು ಅಚ್ಚು ಹಾಕಿದ್ದನ್ನು ಮಾತ್ರ ಓದುತ್ತಿರಲಿಲ್ಲ.

“ಅಕ್ಷರ ದಪ್ಪ ಇದೆಯಾ, ದೂರದಿಂದ ಕಾಣುತ್ತಾ, ಅಷ್ಟು ನನ್ನ ಕೆಲಸ,” ಎನ್ನುತ್ತಿದ್ದ. “ಅದರಲ್ಲಿ ಏನಿದೆ ಅನ್ನೋದು ಬರೆಸಿದವರ ಪಾಪಪುಣ್ಯ. ನಾನ್ಯಾಕೆ ಓದಿ ತಲೆ ಕೆಡಿಸಿಕೊಳ್ಳಲಿ?”

ಈ ಮಾತು ಕೇಳಿದಾಗಲೆಲ್ಲ ಅವನ ಅಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು. “ನಿನಗೆ ಅಕ್ಷರ ಕಲಿಸಿದ ನನ್ನ ಕೈಗೆ ನಾನೇ ಹೊಡ್ಕೋಬೇಕು ಕಣೋ.” ಕಲಿಸಿದ್ದು ನಿಜಕ್ಕೂ ಅವಳೇ. ತಾಯಿ ತೀರಿಕೊಂಡಾಗ ಅವನಿನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ತಿದ್ದಿಸಿದಳು. ಟೀಚರ್ ಕೆಲಸ ಸಿಕ್ಕಿದ ಮೇಲೆ ಅವನಿಗೊಂದು ಅಂಗಡಿ ಹಾಕಿಸಿಕೊಟ್ಟಳು, ಮದುವೆ ಮಾಡಿಸಿದಳು. ಅವನ ಹೆಂಡತಿ ಕಾಯಿಲೆ ಬಿದ್ದು ಹೋಗಿಬಿಟ್ಟಾಗ ತೊಟ್ಟಿಲ ಕೂಸನ್ನು ಎತ್ತಿಕೊಂಡು ಸಾಕಿದಳು. ತನ್ನ ಮದುವೆಯ ಮಾತು ಬಂದರೆ ಮಾತ್ರ “ನನಗೆಲ್ಲಿ ಪುರುಸೊತ್ತು” ಎಂದು ನಕ್ಕುಬಿಡುತ್ತಿದ್ದಳು. ಆ ನಗುವಿನ ಹಿಂದೆ ಏನಿತ್ತು ಎಂದು ತಮ್ಮ ಎಂದೂ ಕೇಳಲಿಲ್ಲ. ಕೇಳುವ ಪೈಕಿಯೂ ಅವನಲ್ಲ.

ಅಕ್ಕ ಭಾಷೆ ಕಲಿಸುತ್ತಿದ್ದ ಸರ್ಕಾರಿ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಇದ್ದವರು ನಿವೃತ್ತರಾದ ಮೇಲೆ ಆ ಕುರ್ಚಿಯಲ್ಲಿ ಬಂದು ಕೂತದ್ದು ಧೂಳೊಂದೇ. ಗಣಿತದ ಪಿರಿಯಡ್ಡಿನಲ್ಲಿ ಮಕ್ಕಳು ಕಿಟಕಿಯಾಚೆ ಹೋಗುವ ಲಾರಿ ಎಣಿಸುತ್ತಿದ್ದರು. ಅದೂ ಒಂದು ಲೆಕ್ಕವೇ ಅನ್ನಿ. ಅರ್ಜಿ ಕೊಟ್ಟು ಕೊಟ್ಟು ಸಾಕಾದ ಅಕ್ಕ, ಕೊನೆಗೆ ತಂದೆತಾಯಿಯರನ್ನೆಲ್ಲ ಒಟ್ಟು ಹಾಕಿಕೊಂಡು ಹೋಗಿ ಶಾಸಕರ ಮನೆ ಗೇಟಿನ ಮುಂದೆ ಕೂತಳು. ಊರೆಲ್ಲ ಸಾಹೇಬರು ಎಂದು ಕರೆಯುತ್ತಿದ್ದ ಆ ಶಾಸಕರಿಗೆ ಚುನಾವಣೆ ಬಾಗಿಲಲ್ಲೇ ನಿಂತಿತ್ತು. “ಮೇಷ್ಟ್ರು ಬರಲಿಲ್ಲ ಅಂದ್ರೆ ವೋಟೂ ಬರಲ್ಲ!” ಎಂದು ತರಕಾರಿ ಮಾರುವ ಹೆಂಗಸೊಬ್ಬಳು ಗೇಟಿನ ಕಂಬಿ ಹಿಡಿದು ಕೂಗಿದಳು. ಆ ಕೂಗು ಬಡಾವಣೆಯಿಂದ ಬಡಾವಣೆಗೆ ಹಬ್ಬಿತು. ಎದುರಾಳಿ ಅಭ್ಯರ್ಥಿ ಅದನ್ನೇ ಹಿಡಿದುಕೊಂಡು ‘ಗಣಿತಕ್ಕೆ ಮೇಷ್ಟ್ರು ಎಲ್ಲಿ?’ ಎಂದು ಫ್ಲೆಕ್ಸ್ ಹಾಕಿಸಿದ. ಸಾಹೇಬರಿಗೆ ತುತ್ತು ಗಂಟಲಲ್ಲಿ ಇಳಿಯದಾಯಿತು.

ಸಾಹೇಬರಿಗೊಬ್ಬ ಬಲಗೈ ಬಂಟನಿದ್ದ. ಪಿಸುಗುಟ್ಟಿದರೂ ಅಕ್ಕಪಕ್ಕದ ಮನೆಗಳಿಗೆ ಕೇಳುತ್ತಿದ್ದರಿಂದ ಅವನಿಗೆ ಮೈಕಪ್ಪ ಎಂದೇ ಹೆಸರು ಬಿದ್ದಿತ್ತು. ಅವನ ಮಗ ಫ್ಲೆಕ್ಸಣ್ಣನ ಮಗಳ ತರಗತಿಯಲ್ಲೇ ಓದುತ್ತಿದ್ದ. ಹೆತ್ತವರು ಶಾಲೆಯೊಳಗೆ ಬರಬೇಕು, ಮಕ್ಕಳು ಕಲಿಯುವುದನ್ನು ಕಣ್ಣಾರೆ ಕಾಣಬೇಕು ಎಂಬ ಹುಚ್ಚು ಅಕ್ಕನಿಗೆ. ಹಾಗಾಗಿ ತರಗತಿಯ ಚರ್ಚಾಸ್ಪರ್ಧೆಗೆ ಮೈಕಪ್ಪನನ್ನೇ ತೀರ್ಪುಗಾರನಾಗಿ ಕರೆದಳು. ಮಕ್ಕಳು ತಂದೆತಾಯಿ ಹೇಳಿದ್ದನ್ನೆಲ್ಲ ಕೇಳಬೇಕೆ ಎಂಬುದು ವಿಷಯ. ಕಪ್ಪುಹಲಗೆಯ ನೆತ್ತಿಯಲ್ಲಿ ಆ ಪ್ರಶ್ನೆ. ಎಡಗಡೆ ಕೇಳಬೇಕು ಎನ್ನುವವರ ಮಾತು, ಬಲಗಡೆ ಕೇಳಬೇಕಾಗಿಲ್ಲ ಎನ್ನುವವರ ಮಾತು. ಮಕ್ಕಳು ಹೇಳಿದ ಹಾಗೆ ಅಕ್ಕ ಬರೆಯುತ್ತ ಹೋದಳು. ಅವಳದೊಂದು ಹಟವಿತ್ತು: ಉದಾಹರಣೆ ಕೊಡದವರ ಮಾತನ್ನು ಹಲಗೆಗೆ ಹತ್ತಿಸುತ್ತಿರಲಿಲ್ಲ. “ಬರೀ ಬಾಯಿಮಾತು ಬೇಡ. ಉದಾಹರಣೆ ಕೊಡು, ಆಮೇಲೆ ವಾದ ಮಾಡು.”

ಫ್ಲೆಕ್ಸಣ್ಣನ ಮಗಳು ಎಡಗಡೆಯವಳು. ಚಿಕ್ಕವಳಿದ್ದಾಗ ರಸ್ತೆ ದಾಟಲು ಓಡಿದ್ದು, ಅಪ್ಪ ಹಿಂದಿನಿಂದ “ನಿಲ್ಲು” ಎಂದು ಕೂಗಿದ್ದು, ಯಾಕೆ ಏನು ಎಂದು ಕೇಳದೆ ನಿಂತದ್ದಕ್ಕೇ ಲಾರಿ ಮುಂದಿನಿಂದ ಹಾದುಹೋದದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿ ಮೊದಲನೇ ಬಹುಮಾನ ಹೊಡೆದಳು. ಬಹುಮಾನ ಕೊಟ್ಟವನು ಮೈಕಪ್ಪನೇ. ಕೊಟ್ಟು, ಹುಡುಗಿಯ ತಲೆ ಸವರಿ, ಹಲಗೆಯ ಫೋಟೋ ಹೊಡೆದುಕೊಂಡು ಹೋದ.

ಮಾರನೆಯ ದಿನ ಅಂಗಡಿಗೆ ಬಂದ. “ಅರ್ಜೆಂಟು ಕಣಪ್ಪ. ಸಾಹೇಬರ ಮುಖ ದೊಡ್ಡದಾಗಿ ಬರಲಿ. ಕೆಳಗೆ ನಮ್ಮ ಹುಡುಗರ ತಲೆಗಳು ಸಾಲಾಗಿ ಇರಲಿ. ಉಳಿದ ಜಾಗಕ್ಕೆ ಈ ಫೋಟೋ ಹಾಕು. ಮೇಲೆ ಏನು ಬರೀಬೇಕು ಅನ್ನೋದನ್ನ ಆಮೇಲೆ ಹೇಳ್ತೀನಿ.”

ಫೋಟೋ ತೆರೆದ ಫ್ಲೆಕ್ಸಣ್ಣನಿಗೆ ಖುಷಿಯೇ ಆಯಿತು. “ಅರೆ, ನಮ್ಮಕ್ಕನ ಅಕ್ಷರ!”

“ಮತ್ತೆ? ಎಂಥಾ ಮುತ್ತಿನಂಥ ಅಕ್ಷರ ಅವರದು!” ಎಂದು ಮೈಕಪ್ಪ ಹಲ್ಲು ಕಿರಿದು ಹೋದ. ಸಾಹೇಬರ ಕಾಲದಲ್ಲಿ ಶಾಲೆ ಚೆನ್ನಾಗಿ ನಡೆಯುತ್ತಿದೆ ಎಂದು ತೋರಿಸಿಕೊಳ್ಳಲಿಕ್ಕಿರಬೇಕು ಎಂದುಕೊಂಡ ಫ್ಲೆಕ್ಸಣ್ಣ. ಅಕ್ಕನ ಅಕ್ಷರ ನಡುಬೀದಿಯಲ್ಲಿ ಮೆರೆಯುತ್ತದಲ್ಲ ಎಂದು ಹಿಗ್ಗಿದ ಬೇರೆ.

ಅನಾಹುತ ಆದದ್ದು ಹೇಗೆ ಎಂದು ಈಗ ಕೇಳಿ. ಸಾಹೇಬರ ಮುಖಕ್ಕೆ ಅರ್ಧ ಹೋಯಿತು. ಮುಗಿದ ಕೈಗೆ ಇನ್ನಷ್ಟು. ಕೆಳಗೆ ದುಂಡುದುಂಡಗೆ ಹುಡುಗರ ತಲೆಗಳು. ಅದರಲ್ಲಿ ಒಂದನ್ನು ಬಿಟ್ಟರೂ ಅಂಗಡಿಗೆ ಕಲ್ಲು ಬೀಳುತ್ತದೆ. ಕೊನೆಗೆ ಉಳಿದದ್ದು ಮೂಲೆಯಲ್ಲಿ ಅಂಗೈಯಗಲ. ಇಡೀ ಹಲಗೆಯನ್ನು ಅಲ್ಲಿ ಕೂರಿಸಿದರೆ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ದೊಡ್ಡದು ಮಾಡಬೇಕೆಂದರೆ ಒಂದು ಕಡೆ ಕತ್ತರಿಸಲೇಬೇಕು. ಎಡಗಡೆಗೆ ಕಿಟಕಿಯ ಬಿಸಿಲು ಬಿದ್ದು ಬಿಳಿಚಿಕೊಂಡಿತ್ತು, ಬಲಗಡೆ ಸ್ಪಷ್ಟವಾಗಿತ್ತು. ಪಳಗಿದ ಕೈ, ಯೋಚನೆ ಯಾಕೆ ಬೇಕು? ಎಡಗಡೆ ತೆಗೆದ. ನೆತ್ತಿಯ ಪ್ರಶ್ನೆಗೆ ಸಾಹೇಬರ ಕ್ರಾಪು ಅಡ್ಡ ಬರುತ್ತಿತ್ತು, ಪ್ರಶ್ನೆಯನ್ನೂ ತೆಗೆದ. ಕ್ರಾಪು ಅವನೇ ಹಾಕಿದ್ದು, ಸಾಹೇಬರಿಗೆ ನೆತ್ತಿಯಲ್ಲಿ ಒಂದು ಕೂದಲೂ ಇರಲಿಲ್ಲ.

ಮಧ್ಯಾಹ್ನ ಬಂದ ಮೈಕಪ್ಪ ಪರದೆ ನೋಡಿ ಹಾಗೇ ನಿಂತುಬಿಟ್ಟ. ಅಲ್ಲಿ ಉಳಿದಿದ್ದ ಮಾತುಗಳು ಇಷ್ಟೇ: ‘ತಂದೆತಾಯಿ ಹೇಳಿದ್ದೆಲ್ಲ ಸರಿಯಲ್ಲ. ಅವರೂ ತಪ್ಪು ಮಾಡುತ್ತಾರೆ. ಎದುರು ಮಾತಾಡುವುದು ತಪ್ಪಲ್ಲ.’

“ಅಯ್ಯೋ ಮಾರಾಯ! ಇದರಲ್ಲಿ ಏನಾದ್ರೂ ಸಿಗುತ್ತಾ ಅಂತ ನಾನು ನಿನ್ನೆಯಿಂದ ತಲೆ ಕೆರ್ಕೊಳ್ತಾ ಇದ್ದೆ. ನೀನು ಕತ್ತರಿ ಆಡಿಸಿ ಕೈಗೇ ಕೊಟ್ಟಿದ್ದೀಯಲ್ಲೋ! ಏನು ತಲೆ ನಿಂದು!” ಬೆನ್ನಿಗೊಂದು ಗುದ್ದು ಬಿತ್ತು, ಪ್ರೀತಿಯದು. “ಬರಿ ಮೇಲೆ, ದಪ್ಪಕ್ಕೆ, ಕೆಂಪಲ್ಲಿ: ‘ಶಾಲೆಯಲ್ಲಿ ನಿಮ್ಮ ಮಕ್ಕಳಿಗೆ ಕಲಿಸುತ್ತಿರುವುದು ಇದು!’”

ಫ್ಲೆಕ್ಸಣ್ಣ ಪರದೆಯ ಹತ್ತಿರ ಬಗ್ಗಿದ. ಅಂಗಡಿ ಹಾಕಿದಾಗಿನಿಂದ ಅಂದು ಮೊದಲ ಸಲ ಅವನು ಅಚ್ಚಿಗೆ ಹೋಗುವುದನ್ನು ಓದಿದ.

“ಅಲ್ಲ, ಇದು... ನಮ್ಮಕ್ಕಂಗೆ ತೊಂದರೆ ಆಗಲ್ವಾ?”

“ಹೆಸರು ಎಲ್ಲಿದೆ ತೋರಿಸು. ಮುಖ ಎಲ್ಲಿದೆ? ಬರೀ ಹಲಗೆ. ಹಲಗೇನ ಯಾರು ಏನು ಮಾಡ್ತಾರೆ? ಆ ಗಣಿತದ ಗಲಾಟೆ ತಣ್ಣಗಾದ್ರೆ ಸಾಕು, ನಾನೇ ತೆಗೆಸ್ತೀನಿ.” ಮೈಕಪ್ಪ ಕುರ್ಚಿ ಎಳೆದುಕೊಂಡು ಕೂತ. “ಚುನಾವಣೆ ಕೆಲಸ ಎಲ್ಲಾ ನಿನಗೇ ಕೊಡು ಅಂದಿದ್ದಾರೆ ಸಾಹೇಬರು. ಬೇಡ ಅಂದ್ರೆ ಹೇಳಿಬಿಡು, ಪಕ್ಕದೂರಿನವನು ನನ್ನ ಬೆನ್ನು ಬಿಡ್ತಾ ಇಲ್ಲ.”

ಫ್ಲೆಕ್ಸಣ್ಣ ಪರದೆ ನೋಡಿದ, ಮೈಕಪ್ಪನನ್ನು ನೋಡಿದ, ಹೋಗಿ ಮೆಷಿನ್ನಿನ ಗುಂಡಿ ಒತ್ತಿದ. ಒತ್ತದೆ ಇರಬಹುದಿತ್ತು. ಯಾರೂ ಅವನ ಕತ್ತಿನ ಮೇಲೆ ಕೂತಿರಲಿಲ್ಲ.

ಈಗ ಹೇಳಿ, ಮಕ್ಕಳು ಎದುರು ಮಾತಾಡದ ಮನೆ ಯಾವುದಿದೆ? ಫೋನ್ ಕಿತ್ತುಕೊಂಡರೆ ಬಾಗಿಲು ಬಡಿಯುತ್ತವೆ, ಊಟಕ್ಕೆ ಕರೆದರೆ ಮುಖ ತಿರುಗಿಸುತ್ತವೆ. ದಿನವಿಡೀ ದುಡಿದು ಬಂದು, ಹೆತ್ತ ಮಗುವಿಗೇ ತಾನು ಬೇಡವಾದೆನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದ ಜನ ಅವರು. ಅವರ ಸಂಕಟ ಸುಳ್ಳಲ್ಲ. ಯಾಕೆ ಹೀಗಾಯಿತು ಎಂದು ತಿಳಿಯದೆ ಒದ್ದಾಡುತ್ತಿದ್ದವರಿಗೆ, ನಾಲ್ಕು ರಸ್ತೆ ಕೂಡುವಲ್ಲಿ ಉತ್ತರ ನೇತಾಡುತ್ತಿರುವುದು ಕಂಡಿತು. ಓಹೋ, ಇದಾ ವಿಷಯ! ಶಾಲೆಯಲ್ಲೇ ಹೇಳಿಕೊಡ್ತಿದ್ದಾರೆ! ಯಾವ ಶಾಲೆ, ಯಾವ ಟೀಚರು ಎಂದು ಪತ್ತೆ ಮಾಡಲು ಅವರಿಗೆ ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಮುತ್ತಿನಂಥ ಅಕ್ಷರ ಎಂದು ಮೆಚ್ಚಿದ್ದು ಮೈಕಪ್ಪ ಒಬ್ಬನೇ ಅಲ್ಲವಲ್ಲ. ಪ್ರತಿ ಮಗುವಿನ ಪುಸ್ತಕದಲ್ಲೂ ಆ ಅಕ್ಷರವಿತ್ತು.

ಶಾಲೆಯ ಗೇಟಿನಲ್ಲಿ ಜಾತ್ರೆ ಸೇರಿತು. ಮೊನ್ನೆ ಗಣಿತದ ಮೇಷ್ಟ್ರಿಗಾಗಿ ಕಂಬಿ ಹಿಡಿದು ಕೂಗಿದ ತರಕಾರಿಯವಳೇ ಈಗಲೂ ಮುಂದೆ ನಿಂತಿದ್ದಳು.

“ಎಡಗಡೆ ಇನ್ನೊಂದು ಇತ್ತಮ್ಮ,” ಎಂದಳು ಅಕ್ಕ. “ಅದು ಚರ್ಚೆ. ಎರಡೂ ಕಡೆ ಮಾತು ಬರೆದಿದ್ದೆ. ಮಕ್ಕಳನ್ನೇ ಕೇಳಿ ಬೇಕಾದ್ರೆ.”

“ಮಕ್ಕಳ ಬಾಯಿಗೆ ಮಾತು ತುರುಕಿರೋರೇ ನೀವು, ಇನ್ನು ಅವರನ್ನ ಏನು ಕೇಳೋದು? ಹೆತ್ತ ಸಂಕಟ ನಿಮಗೇನು ಗೊತ್ತಾಗುತ್ತೆ ಮೇಡಂ? ನಿಮಗೇನು ಮಕ್ಕಳಾ ಮರಿಯಾ?”

ಅಕ್ಕ ತಿರುಗಿ ಶಾಲೆಯೊಳಗೆ ನಡೆದಳು. ತೀರ್ಪುಗಾರನಾಗಿದ್ದ ಮೈಕಪ್ಪನನ್ನು ಕೇಳಿದರೆ, “ನಾನು ಬಹುಮಾನ ಕೊಟ್ಟು ಎದ್ದು ಬಂದೆ, ಆಮೇಲೆ ಏನೇನು ಬರೆದರೋ ಯಾರು ಕಂಡೋರು” ಎಂದು ಕೈ ತೊಳೆದುಕೊಂಡ. ಅವತ್ತೇ ಅಕ್ಕನನ್ನು ಅಮಾನತು ಮಾಡಿದರು.

ಫ್ಲೆಕ್ಸಿನ ಅಡಿಯಲ್ಲಿ ಅಚ್ಚು ಹಾಕಿದ ಅಂಗಡಿಯ ಹೆಸರಿರುತ್ತದೆ, ಅಕ್ಕ ಅದನ್ನೂ ಓದಿದ್ದಳು. ಅವಳು ಎಲ್ಲವನ್ನೂ ಓದುವವಳು. ಸಂಜೆ ಮನೆಗೆ ಬಂದ ತಮ್ಮನಿಗೆ ನೀರು ಕೊಟ್ಟು, ಎದುರಿಗೆ ಕೂತಳು.

“ಫೋಟೋ ಅವರು ಕೊಟ್ಟಿದ್ದೇ ಹಾಗಿತ್ತಾ?”

ನಿಜ ಹೇಳಲು ಅದಕ್ಕಿಂತ ಸಲೀಸಾದ ಗಳಿಗೆ ಅವನಿಗೆ ಮತ್ತೆ ಸಿಗಲಿಲ್ಲ. ಅವನು ಲೋಟದ ತಳ ನೋಡುತ್ತ, “ಹೂಂ ಅಕ್ಕ, ಕೊಟ್ಟಿದ್ದೇ ಅಷ್ಟು,” ಎಂದ.

“ಹಾಗಾದ್ರೆ ನಿಂದೇನು ತಪ್ಪು? ಹೊಟ್ಟೆಪಾಡು.” ಅಕ್ಕ ನಿಟ್ಟುಸಿರು ಬಿಟ್ಟಳು. “ನನಗೆ ಅಷ್ಟು ತಿಳಿದರೆ ಸಾಕಿತ್ತು ನೋಡು.” ಮರುದಿನ ಯಾರೋ ಅಕ್ಕಪಕ್ಕದವರು ತಮ್ಮನ ಮಾತೆತ್ತಿದಾಗ ಅವಳೇ ಅವನ ಪರ ಜಗಳಕ್ಕೆ ನಿಂತಳು. ಅವನು ಒಳಗಿನಿಂದ ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಮಗಳು ಮಾತ್ರ ಬಿಡಲಿಲ್ಲ. “ಅಪ್ಪಾ, ನಾನು ಹೇಳಿದ್ದೆಲ್ಲ ಎಡಗಡೆ ಇತ್ತು. ನಿಲ್ಲು ಅಂತ ನೀನು ಕೂಗಿದ್ದು, ಲಾರಿ ಹೋಗಿದ್ದು. ಅದೆಲ್ಲಿ ಹೋಯ್ತು?”

“ಅವರು ಕೊಟ್ಟಿದ್ದೇ ಅಷ್ಟು, ಪುಟ್ಟಿ.”

“ಮೈಕಪ್ಪ ಅಂಕಲ್ ಫೋಟೋ ಹೊಡೀವಾಗ ನಾನು ಪಕ್ಕದಲ್ಲೇ ಇದ್ದೆ. ಪೂರ್ತಿ ಹಲಗೆ ಬಂದಿತ್ತು.”

“ದೊಡ್ಡವರ ವಿಷಯ, ನೀನು ಸುಮ್ಮನಿರು ಅಂದ್ರೆ ಸುಮ್ಮನಿರು!” ಎಂದು ಗದರಿದ. ಅಪ್ಪನ ಮಾತು ಕೇಳುವ ಹುಡುಗಿ, ಸುಮ್ಮನಾದಳು.

ಚುನಾವಣೆ ಮುಗಿಯಲಿ, ಆಮೇಲೆ ಎಲ್ಲಾ ಸರಿ ಮಾಡುತ್ತೇನೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಆ ಹಲಗೆಗೆ ಕಾಲು ಬಂದಿತ್ತು. ಟೀವಿಯಲ್ಲಿ ಕೂತವರು ಅದನ್ನು ಹಿಂದೆ ಹಾಕಿಕೊಂಡು ಕಿರುಚಾಡಿದರು. ಪಕ್ಷದ ದೊಡ್ಡವರು ಯಾವ ಊರಿಗೆ ಹೋದರೂ ಭಾಷಣ ಶುರು ಮಾಡುತ್ತಿದ್ದದ್ದು ಅದರಿಂದಲೇ. ಕಂಡರಿಯದ ಊರುಗಳಿಂದ ಫ್ಲೆಕ್ಸಣ್ಣನಿಗೆ ಫೋನು: “ಆ ಹಲಗೆದೇ ನಮಗೂ ಮಾಡಿಕೊಡಿ, ಮುಖ ಮಾತ್ರ ನಮ್ಮವರದು ಹಾಕಿ.” ಮೆಷಿನ್ನು ಬಿಸಿಯೇರಿ ಆಗಾಗ ನಿಂತುಬಿಡುತ್ತಿತ್ತು. ಸಂಬಳ, ರಸ್ತೆ, ಆಸ್ಪತ್ರೆ ಎಲ್ಲ ಮೂಲೆ ಸೇರಿ, ಇಡೀ ರಾಜ್ಯ ಹೆತ್ತವರ ಮರ್ಯಾದೆಗಾಗಿ ವೋಟು ಹಾಕಲು ಸಜ್ಜಾಯಿತು. ಎದುರಾಳಿಯಾದರೂ ಗಣಿತ ಹಿಡಿದು ನಿಂತನೇ? ಎಲ್ಲಿಯದು! ಅವನೂ ಹೆದರಿ ತನ್ನ ಹಳೇ ಫ್ಲೆಕ್ಸ್ ಇಳಿಸಿ, ‘ಹೆತ್ತವರಿಗೇ ನಮ್ಮ ಮೊದಲ ನಮಸ್ಕಾರ’ ಎಂದು ಹೊಸದು ಮಾಡಿಸಿದ. ಅದನ್ನೂ ಅಚ್ಚು ಹಾಕಿದ್ದು ಫ್ಲೆಕ್ಸಣ್ಣನೇ.

ಸಾಹೇಬರು ಭಾರಿ ಅಂತರದಲ್ಲಿ ಗೆದ್ದರು, ಅವರ ಪಕ್ಷವೂ ಗೆದ್ದಿತು, ಅವರು ಮಂತ್ರಿಯಾದರು. ಮೆರವಣಿಗೆಯಲ್ಲಿ ತರಕಾರಿಯವಳು ಕುಣಿದಳು. ಅವಳ ಮಗ ಅವತ್ತೂ ಮನೆಯಲ್ಲಿ ಬಾಗಿಲು ಬಡಿದು ಮಲಗಿದ್ದನಂತೆ. ಗಣಿತದ ಕುರ್ಚಿಯ ಮೇಲೆ ಧೂಳು ಹಾಗೇ ಇತ್ತು. ಈಗ ಭಾಷೆಯ ಕುರ್ಚಿಯ ಮೇಲೂ ಬೀಳತೊಡಗಿತ್ತು.

ಅಕ್ಕನನ್ನು ಕೆಲಸದಿಂದಲೇ ತೆಗೆಯುತ್ತಾರೆ ಎಂಬ ಸುದ್ದಿ ಬಂದ ದಿನ ಫ್ಲೆಕ್ಸಣ್ಣನಿಗೆ ಅಂತೂ ಧೈರ್ಯ ಬಂತು. ಕಂಪ್ಯೂಟರಿನಲ್ಲಿ ಉಳಿದಿದ್ದ ಪೂರ್ತಿ ಫೋಟೋವನ್ನು ಕಾಗದದ ಮೇಲೆ ತೆಗೆದ. ಬಿಳಿಚಿಕೊಂಡಿದ್ದ ಎಡಗಡೆಯನ್ನು ಚೊಕ್ಕವಾಗಿ ಕಾಣುವಂತೆ ತಿದ್ದಿದ, ಎಷ್ಟೆಂದರೂ ಕಸುಬುದಾರ. ಅದನ್ನು ಹಿಡಿದುಕೊಂಡು ಶಿಕ್ಷಣ ಇಲಾಖೆಯ ಅಧಿಕಾರಿಯ ಕಚೇರಿಗೆ ಹೋದ. ಅಧಿಕಾರಿ ಕನ್ನಡಕ ಏರಿಸಿ ನೋಡಿದರು, ಇಳಿಸಿ ನಕ್ಕರು.

“ಸಾಹೇಬರ ತಲೆ ಮೇಲೆ ಕೂದಲು ಬೆಳೆಸಿದವನು ನೀನೇ ಅಲ್ವೇನಯ್ಯಾ? ನಮ್ಮತ್ತೆ ಸತ್ತ ಮೇಲೂ ನನ್ನ ಮಗಳ ಮದುವೆ ಫೋಟೋದಲ್ಲಿ ನಗ್ತಾ ನಿಂತಿದ್ದಾರೆ, ಅದೂ ನಿನ್ನ ಕೈಚಳಕವೇ. ಅರ್ಧ ಹಲಗೆ ಸೃಷ್ಟಿ ಮಾಡೋದು ನಿನಗೆ ಯಾವ ಮಹಾ?”

“ಇಲ್ಲ ಸಾರ್, ಇದು ನಿಜವಾದ್ದು. ಮೊದಲು ಕತ್ತರಿಸಿದ್ದೂ ನಾನೇ.”

ಅಧಿಕಾರಿಯ ನಗು ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. “ಹಾಗಂತ ಬರೆದು ಸಹಿ ಮಾಡಿಕೊಡ್ತೀಯಾ? ಮಂತ್ರಿಗಳ ಕಡೆಯವರು ಪೂರ್ತಿ ಫೋಟೋ ಕೊಟ್ರು, ನಾನು ಅರ್ಧ ಕತ್ತರಿಸಿದೆ, ಗೊತ್ತಿದ್ದೂ ಅವರು ಅದನ್ನೇ ಹಾಕಿಸಿದ್ರು ಅಂತ? ಕೊಟ್ರೆ ನಾನು ಕಡತಕ್ಕೆ ಸೇರಿಸ್ತೀನಿ. ನಿಮ್ಮಕ್ಕ ಒಳ್ಳೆ ಟೀಚರ್ ಅಂತ ನನಗೂ ಗೊತ್ತು.” ಮೇಜಿನ ಮೇಲೆ ಪೆನ್ನು ಅವನ ಕಡೆಗೆ ಉರುಳಿತು.

ಫ್ಲೆಕ್ಸಣ್ಣ ಪೆನ್ನು ನೋಡಿದ. ಮಂತ್ರಿಯ ಸನ್ಮಾನದ ಕೆಲಸ ಇನ್ನೂ ಮೆಷಿನ್ನಿನ ಮೇಲಿತ್ತು. ಅಂಗಡಿಯ ಗಾಜು, ಅಂಗಡಿಯ ಪರವಾನಗಿ, ಮೈಕಪ್ಪನ ಗುದ್ದು, ಒಂದೊಂದಾಗಿ ಕಣ್ಣ ಮುಂದೆ ಬಂದವು.

“ಯೋಚನೆ ಮಾಡಿ ಬರ್ತೀನಿ ಸಾರ್,” ಎಂದು ಕಾಗದ ಮಡಚಿಕೊಂಡು ಎದ್ದ. ಥೂ!

ಇಷ್ಟಾದರೂ ತಾನು ಅಕ್ಕನಿಗಾಗಿ ಓಡಾಡಿದೆನಲ್ಲ ಎಂಬ ಸಮಾಧಾನ ಅವನಿಗಿತ್ತು, ನೋಡಿ. ಮನೆಗೆ ಬಂದವನು ಊಟಕ್ಕೆ ಕೂತು, ಆ ಕಾಗದವನ್ನು ಅಕ್ಕನ ಮುಂದೆ ಬಿಡಿಸಿಟ್ಟ. “ಅಧಿಕಾರಿಗಳ ಹತ್ರ ಹೋಗಿದ್ದೆ ಅಕ್ಕ. ಇದನ್ನ ತೋರಿಸಿದೆ. ನಂಬಲಿಲ್ಲ. ನಾನಂತೂ ನನ್ನ ಕೈಲಾದ ಪ್ರಯತ್ನ ಮಾಡಿದೆ.”

ಅಕ್ಕ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ನೆತ್ತಿಯ ಪ್ರಶ್ನೆ ಓದಿದಳು. ಎಡಗಡೆಯನ್ನು ಒಂದೊಂದೇ ಸಾಲು ಓದುತ್ತ ಬಂದು, ಲಾರಿಯ ಮಾತಿನ ಮೇಲೆ ಬೆರಳಿಟ್ಟಳು.

“ಇದು ನಿನ್ನ ಹತ್ರ ಮೊದಲಿಂದ ಇತ್ತಾ?”

ಅವನು ತಲೆ ತಗ್ಗಿಸಿದ.

“ಯಾಕೋ ಕತ್ತರಿಸಿದೆ?”

“ಜಾಗ ಸಾಲಲಿಲ್ಲ ಅಕ್ಕ,” ಎಂದ. “ಸಾಹೇಬರ ಮುಖ ದೊಡ್ಡದು ಬೇಕು ಅಂದಿದ್ರು.”

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದ. ಹೊಡೆಯಲಿ ಎಂದು ಕೂಡ ಅನ್ನಿಸಿತು. ಅವಳು ಎರಡನ್ನೂ ಮಾಡಲಿಲ್ಲ. ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಚಿ ಅವನ ತಟ್ಟೆಯ ಪಕ್ಕ ಇಟ್ಟು, ಬಡಿಸುವ ಸೌಟನ್ನು ಕೆಳಗಿಟ್ಟಳು. ಅವನಿಗೆ ಅವಳು ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿದ್ದು ಅದೇ ಮೊದಲು.

ಸೌಟನ್ನು ಮಗಳು ಎತ್ತಿಕೊಂಡಳು. ಅವಳು ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಅತ್ತೆ,” ಎಂದಳು, “ಇನ್ನೊಂದು ಸಲ ಚರ್ಚೆ ಇಟ್ರೆ ನಾನು ಬಲಗಡೆಯವರ ಪರ ಮಾತಾಡ್ತೀನಿ.”

ಅಕ್ಕನ ಕಣ್ಣು ಎಲ್ಲೋ ಇತ್ತು. ವರ್ಷಗಟ್ಟಲೆ ಆಡಿ ಆಡಿ ರೂಢಿಯಾದ ಮಾತು ತಾನಾಗಿ ಬಾಯಿಗೆ ಬಂತು. “ಬರೀ ಬಾಯಿಮಾತು ಬೇಡ. ಉದಾಹರಣೆ ಕೊಡು.”

“ಇದೆಯಲ್ಲ ಅತ್ತೆ,” ಎಂದಳು ಮಗಳು, ಅಪ್ಪನ ತಟ್ಟೆಗೆ ಬಡಿಸುತ್ತ. “ಎದುರಿಗೇ ಕೂತಿದೆ.”

ಫ್ಲೆಕ್ಸಣ್ಣ ತಲೆ ಎತ್ತಲಿಲ್ಲ. ಮಗಳು ಬಡಿಸಿದ್ದನ್ನು ಉಣ್ಣತೊಡಗಿದ.